ಒಟ್ಟೆ ಹೊಡೆಯದೆ ಪಿಕಪ್‌ಗೆ ಆಂಟೆನಾ

ಅಣ್ಣನ ಪಿಕಪ್ ಗಾಡಿಗೆ ರೇಡಿಯೋ ಆಂಟೆನಾ ಹಾಕಬೇಕಿತ್ತು. ಹಾಕಲಿಕ್ಕೆ ಅವನದ್ದೇನೂ ಅಡ್ಡಿ ಇರಲಿಲ್ಲ, ಷರತ್ತು ಮಾತ್ರ ಒಂದಿತ್ತು. “ಎಂತ ಬೇಕಾರೂ ಮಾಡ್ ಮಾರಾಯ, ಗಾಡಿಗೆ ಒಟ್ಟೆ ಮಾತ್ರ ಮಾಡುಕಾಗ.”

ನಮ್ಮ ಕೊಕ್ಕರ್ಣೆ ಕಡೆ ಒಟ್ಟೆ ಅಂದರೆ ತೂತು. ಇಂಟರ್‌ನೆಟ್ಟಿನಲ್ಲಿ ಈ ಕೆಲಸಕ್ಕೆ ಹುಡುಕಿದರೆ ಅಮೆರಿಕದವರ ವಿಡಿಯೋಗಳೇ ಸಿಗುತ್ತವೆ. ಹತ್ತರಲ್ಲಿ ಎಂಟರಲ್ಲಿ ಮೊದಲ ಹತ್ತು ಸೆಕೆಂಡಿಗೇ ಯಾರೋ ಡ್ರಿಲ್ ಎತ್ತಿಕೊಂಡು ಟಾಪಿನ ನಟ್ಟ ನಡುವೆ ಕೊರೆದು ಬಿಡುತ್ತಾರೆ. ಕೊರೆದರೆ ಅತ್ಯುತ್ತಮ ಅನ್ನುವುದೂ ನಿಜ. ಆದರೆ ಅವರಿಗೆ ನಮ್ಮ ಮಳೆಗಾಲ ಗೊತ್ತಿಲ್ಲ, ಅಣ್ಣನ ಸಾಲದ ಕಂತಂತೂ ಗೊತ್ತೇ ಇಲ್ಲ.

ಪಿಕಪ್ ಗಾಡಿಗೆ ರೇಡಿಯೋ ಯಾಕೆ ಅಂತ ನಿಮಗೆ ಅನಿಸಬಹುದು. ಅಣ್ಣನದ್ದು ಬೊಲೆರೊ ಪಿಕಪ್. ಅಡಿಕೆ ಮೂಟೆ, ಬಾಳೆಗೊನೆ, ಮದುವೆ ಮನೆಯ ಪಾತ್ರೆ, ಮನೆ ಖಾಲಿ ಮಾಡುವವರ ಸಾಮಾನು, ಬಾಡಿಗೆ ಸಿಕ್ಕಿದ್ದನ್ನೆಲ್ಲ ಹೊರುತ್ತದೆ. ವಾರಕ್ಕೆ ಎರಡು ಮೂರು ಸಲ ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತಿ ತೀರ್ಥಹಳ್ಳಿಗೆ ಹೋಗ್ತಾನೆ. ವಾಪಸ್ ಬರುವಾಗ ಎಷ್ಟೋ ಸಲ ರಾತ್ರಿ. ಘಾಟಿಯಲ್ಲಿ 14 ಹೇರ್‌ಪಿನ್ ತಿರುವು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಸೋಮೇಶ್ವರ ಬಿಟ್ಟು ಕಾಡು ಹೊಕ್ಕ ಮೇಲೆ ಅಣ್ಣನ ಫೋನಿನಲ್ಲಿ ಸಿಗ್ನಲ್ ಕಡ್ಡಿ ಒಂದೊಂದೇ ಉದುರಿ ಕೊನೆಗೆ ಏನೂ ಉಳಿಯುವುದಿಲ್ಲ. ಒಂದು ಮರ ಅಡ್ಡ ಬಿದ್ದರೆ, ಒಂದು ಲಾರಿ ತಿರುವಿನಲ್ಲಿ ಕೆಟ್ಟು ನಿಂತರೆ, ಮನೆಯಲ್ಲಿ ಇರುವವರಿಗೆ ಮೂರು ತಾಸು ಏನೂ ತಿಳಿಯುವುದಿಲ್ಲ.

2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದದ್ದು ನಿಮಗೆ ನೆನಪಿರಬಹುದು. ಗಂಗಾವಳಿ ನದಿಗೆ ಸೇರಿದ್ದ ಲಾರಿಯೊಂದು ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ. ಅಲ್ಲಿ ಯಾವ ರೇಡಿಯೋ ಇದ್ದಿದ್ದರೂ ಉಪಯೋಗ ಆಗುತ್ತಿರಲಿಲ್ಲ, ಅದು ನನಗೂ ಗೊತ್ತು. ಆದರೆ ಆ ಎರಡು ತಿಂಗಳು ಟಿವಿ ಎದುರು ಕೂತ ಅತ್ತಿಗೆ, ಅಣ್ಣ ಘಾಟಿಗೆ ಹೋದ ರಾತ್ರಿಗಳಲ್ಲಿ ಮಲಗುವುದನ್ನೇ ಬಿಟ್ಟರು. ಅವರು ನನ್ನ ಹತ್ತಿರ ಹೇಳಿದ್ದು ಇಷ್ಟೇ: “ಎಲ್ಲಿದ್ರ್ ಅಂದೇಳಿ ಗೊತ್ತಾರ್ ಸಾಕ್.”

ನಾನು ಬೆಂಗಳೂರಿನ ಒಂದು ಕಂಪೆನಿಗೆ ಕೋಡ್ ಬರೆಯುವವನು, ಮಳೆಗಾಲದಲ್ಲಿ ಊರಿನಿಂದಲೇ ಕೆಲಸ. ಇಂಜಿನಿಯರಿಂಗ್ ಓದುವಾಗಲೇ ಹ್ಯಾಮ್ ರೇಡಿಯೋ ಪರೀಕ್ಷೆ ಬರೆದು ಲೈಸೆನ್ಸ್ ತೆಗೆದುಕೊಂಡಿದ್ದೆ. ಹ್ಯಾಮ್ ಅಂದರೆ ಹವ್ಯಾಸಿ ರೇಡಿಯೋ. ಕೇಂದ್ರ ಸರ್ಕಾರದ ದೂರಸಂಪರ್ಕ ಇಲಾಖೆ ಲೈಸೆನ್ಸ್ ಕೊಡುತ್ತದೆ, 12 ವರ್ಷ ತುಂಬಿದ ಯಾರು ಬೇಕಾದರೂ ಪರೀಕ್ಷೆ ಬರೆಯಬಹುದು. ಮೊದಲ ಹಂತಕ್ಕೆ ಮೋರ್ಸ್ ಕೋಡೂ ಬೇಡ. 2004ರ ಡಿಸೆಂಬರಿನಲ್ಲಿ ಸುನಾಮಿ ಬಂದಾಗ ಭಾರತಿ ಪ್ರಸಾದ್ ಅನ್ನುವ ಹ್ಯಾಮ್ ಅಂಡಮಾನಿನಲ್ಲೇ ಇದ್ದರು. ಫೋನೆಲ್ಲ ಸತ್ತ ಮೇಲೆ ಪೋರ್ಟ್ ಬ್ಲೇರ್‌ನಿಂದ ಹೊರಗೆ ಸುದ್ದಿ ಮುಟ್ಟಿಸಿದ್ದು ಅವರ ಆಂಟೆನಾ. ನಮ್ಮದು ಅಷ್ಟು ದೊಡ್ಡ ಕತೆ ಅಲ್ಲ. ಎರಡೂ ಕಡೆ ಲೈಸೆನ್ಸ್ ಇರಬೇಕು ಅನ್ನುವ ಕಾರಣಕ್ಕೆ ಅಣ್ಣನೂ ಕೂತು ಓದಿ ಪಾಸಾದ. ಎಸ್ಸೆಸ್ಸೆಲ್ಸಿ ಮುಗಿಸಿ ಸ್ಟೇರಿಂಗ್ ಹಿಡಿದವನು ಓಮ್‌ನ ನಿಯಮವನ್ನು ನನಗಿಂತ ಬೇಗ ಹಿಡಿದ. ಬ್ಯಾಟರಿ, ಫ್ಯೂಸು, ಹೆಡ್‌ಲೈಟು ಅಂತ ದಿನಾ ಅದರ ಜೊತೆಯೇ ಇರುವವನಲ್ಲವೇ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡ್ತೇನೆ. ಹ್ಯಾಮ್ ರೇಡಿಯೋದಲ್ಲಿ ವ್ಯಾಪಾರದ ಮಾತು ಆಡುವಂತಿಲ್ಲ. ಅಡಿಕೆ ಧಾರಣೆ, ಬಾಡಿಗೆ ಲೆಕ್ಕ ಎಲ್ಲ ಫೋನಿನಲ್ಲೇ. ಗಾಡಿಯಲ್ಲಿ ಸೆಟ್ ಇಟ್ಟು ಮಾತಾಡುವ ಮೊದಲು ನಿಮ್ಮ ಲೈಸೆನ್ಸಿನ ಷರತ್ತುಗಳನ್ನು ಪೂರ್ತಿ ಓದಿಕೊಳ್ಳಿ. ಆನ್‌ಲೈನಿನಲ್ಲಿ ಎರಡು ಸಾವಿರಕ್ಕೆ ವಾಕಿಟಾಕಿ ಸಿಕ್ಕಿತು ಅಂತ ತೆಗೆದು ಗಾಡಿಗೆ ಸಿಕ್ಕಿಸಬೇಡಿ, ಲೈಸೆನ್ಸ್ ಇಲ್ಲದೆ ಅದನ್ನು ಬಳಸುವುದು ಅಪರಾಧ.

ಗಾಡಿಯೇ ಅರ್ಧ ಆಂಟೆನಾ

ಹೆಚ್ಚಿನವರು ಆಂಟೆನಾ ಅಂದರೆ ಕಡ್ಡಿ ಅಂದುಕೊಳ್ಳುತ್ತಾರೆ. ಉದ್ದ ಕಡ್ಡಿ ಹಾಕಿದರೆ ದೂರ ಹೋಗ್ತದೆ, ಎಲ್ಲಿ ಸಿಕ್ಕಿಸಿದರೂ ಆಗ್ತದೆ ಅಂತ. ಕಡ್ಡಿ ಅರ್ಧ ಮಾತ್ರ. ಇನ್ನರ್ಧ ಅದರ ಬುಡದಲ್ಲಿರುವ ಲೋಹ.

ಲೆಕ್ಕ ಸುಲಭ. 300ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಅಲೆಯ ಉದ್ದ ಮೀಟರಿನಲ್ಲಿ ಸಿಗುತ್ತದೆ. ನಾವು ಬಳಸುವುದು 145 ಮೆಗಾಹರ್ಟ್ಸ್ ಆಸುಪಾಸು, ಅಂದರೆ ಎರಡು ಮೀಟರಿನ ಅಲೆ. ಅದರ ಕಾಲು ಭಾಗ ಸುಮಾರು 52 ಸೆಂಟಿಮೀಟರ್. ನಿಜವಾದ ಕಡ್ಡಿಯಲ್ಲಿ ಸ್ವಲ್ಪ ಕಡಿಮೆ ಸಾಕು, 49ರ ಹತ್ತಿರ. ಕಾಲು ಅಲೆಯ ಈ ಕಡ್ಡಿ ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಕಡ್ಡಿಯಲ್ಲಿ ಕರೆಂಟ್ ಮೇಲೆ ಹರಿಯಬೇಕಾದರೆ ಅದರ ಜೋಡಿ ಇನ್ನೊಂದು ಕಡೆ ಹರಿಯಬೇಕು. ಆ ಜೋಡಿಯ ಪಾತ್ರ ವಹಿಸುವುದು ಬುಡದ ಸುತ್ತ ಕನಿಷ್ಠ ಅಷ್ಟೇ ಅಗಲಕ್ಕೆ ಹಬ್ಬಿದ ತಗಡು. ಕನ್ನಡಿ ಮೇಲೆ ಪೆನ್ಸಿಲ್ ನೆಟ್ಟಗೆ ನಿಲ್ಲಿಸಿ ನೋಡಿ, ಕೆಳಗೆ ಇನ್ನೊಂದು ಪೆನ್ಸಿಲ್ ಕಾಣುತ್ತದಲ್ಲ, ಹೆಚ್ಚುಕಡಿಮೆ ಹಾಗೆ. ಈ ಉಪಾಯ ಹೊಸತೂ ಅಲ್ಲ. 1890ರ ದಶಕದಲ್ಲೇ ಮಾರ್ಕೋನಿ ತಂತಿಯ ಒಂದು ತುದಿಯನ್ನು ಭೂಮಿಗೆ ಜೋಡಿಸಿ ದೂರ ಹೆಚ್ಚಿಸಿಕೊಂಡಿದ್ದ.

ನಮ್ಮೂರಿನವರಿಗೆ ಇದಕ್ಕೆ ಇನ್ನೂ ದೊಡ್ಡ ಉದಾಹರಣೆ ಹತ್ತಿರದಲ್ಲೇ ಉಂಟು. ಮಂಗಳೂರು ಆಕಾಶವಾಣಿಯ ಸ್ಟುಡಿಯೋ ಕದ್ರಿಯಲ್ಲಿ, ಆದರೆ ಅದರ ಮೀಡಿಯಂ ವೇವ್ ಪ್ರಸಾರ ಕೇಂದ್ರ ಇಟ್ಟದ್ದು ಬ್ರಹ್ಮಾವರದಲ್ಲಿ. 1976ರಲ್ಲಿ ಶುರುವಾದ ಆ ಕೇಂದ್ರದ ತರಂಗಾಂತರ 1089 ಕಿಲೋಹರ್ಟ್ಸ್. ಅದೇ ಲೆಕ್ಕ ಹಾಕಿದರೆ ಅಲೆಯ ಉದ್ದ 275 ಮೀಟರ್, ಕಾಲು ಭಾಗ ಅಂದರೆ 69 ಮೀಟರ್. ಅಂಥ ಪ್ರಸಾರ ಕೇಂದ್ರಗಳಲ್ಲಿ ಟವರಿನ ಬುಡದ ಸುತ್ತ ಮಣ್ಣಿನೊಳಗೆ ತಾಮ್ರದ ತಂತಿಗಳನ್ನು ಸೂರ್ಯನ ಕಿರಣದ ಹಾಗೆ ಹೂತಿರುತ್ತಾರೆ. ಕಾಣುವುದು ಟವರ್, ಕಾಣದ ಅರ್ಧ ಗದ್ದೆಯ ಕೆಳಗೆ.

ಪಿಕಪ್‌ನಲ್ಲಿ ಆ ಗದ್ದೆ ಅಂದರೆ ಕ್ಯಾಬಿನ್ನಿನ ಟಾಪು. ಒಂದು ಮೀಟರಿಗಿಂತ ಹೆಚ್ಚು ಅಗಲದ ಉಕ್ಕಿನ ತಗಡು, ನಟ್ಟ ನಡುವೆ 49 ಸೆಂಟಿಮೀಟರಿನ ಕಡ್ಡಿ, ನಾಲ್ಕೂ ಕಡೆ ಸಮನಾಗಿ ಜಾಗ. ಡ್ರಿಲ್ ಹೊಡೆಯುವವರು ಅಲ್ಲೇ ಹೊಡೆಯುವುದು ಸುಮ್ಮನೆ ಅಲ್ಲ.

ಹಾಗಾದರೆ ಹೊಡೆದರೆ ಏನು ತೊಂದರೆ? ತೂತಿನ ಅಂಚಿನಲ್ಲಿ ಬಣ್ಣ ಹೋಗಿ ಬರಿ ಉಕ್ಕು ಕಾಣುತ್ತದೆ. ಕಡಲಿನಿಂದ ಉಪ್ಪು ಗಾಳಿ ಬರುವ ಊರು, ಜೂನ್‌ನಿಂದ ಸೆಪ್ಟೆಂಬರ್ ತನಕ ಟಾಪು ಒಣಗುವುದೇ ಇಲ್ಲ. ರಬ್ಬರ್ ವಾಷರು ಎರಡು ಬೇಸಿಗೆಗೆ ಗಟ್ಟಿಯಾಗಿ ಬಿರುಕು ಬಿಡುತ್ತದೆ, ಮೂರನೇ ಮಳೆಗಾಲಕ್ಕೆ ನೀರು ಒಳಗೆ. ಮಾರುವಾಗ ಕೊಳ್ಳುವವನು ಮೊದಲು ನೋಡುವುದೂ ಅದನ್ನೇ. ಒಂದು ತೂತಿಗೆ ಹತ್ತು ಸಾವಿರ ಕಡಿಮೆ ಕೇಳ್ತಾನೆ. ಕಂತು ಮುಗಿಯದ ಗಾಡಿಗೆ ಅಣ್ಣ ಹಾಕಿದ ಷರತ್ತು ನನಗೆ ಪೂರ್ತಿ ಸರಿ ಅನಿಸಿತು.

ಮ್ಯಾಗ್ನೆಟ್

ತೂತು ಬೇಡ ಅಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಮ್ಯಾಗ್ನೆಟ್ ಬೇಸ್. ಕೆಳಗೆ ಗಟ್ಟಿ ಅಯಸ್ಕಾಂತ, ಮೇಲೆ ಕಡ್ಡಿ, ಬದಿಯಲ್ಲಿ ಕೇಬಲ್. ಟಾಪಿನ ಮೇಲೆ ಇಟ್ಟರೆ ಟಕ್ ಅಂತ ಕೂರುತ್ತದೆ. ಅಲ್ಯೂಮಿನಿಯಂ ಅಥವಾ ಫೈಬರ್ ಟಾಪಿಗೆ ಕೂರುವುದಿಲ್ಲ, ಅದನ್ನು ಕೊಳ್ಳುವ ಮೊದಲು ಅಡುಗೆಮನೆಯ ಫ್ರಿಜ್ ಮ್ಯಾಗ್ನೆಟ್ ಹಿಡಿದೇ ಪರೀಕ್ಷೆ ಮಾಡಬಹುದು.

ಮ್ಯಾಗ್ನೆಟ್ಟಿಗೂ ಉಕ್ಕಿಗೂ ನಡುವೆ ಬಣ್ಣ, ರಬ್ಬರ್ ಪದರ ಉಂಟಲ್ಲ, ಹಾಗಾದರೆ ಟಾಪು ಆಂಟೆನಾದ ಅರ್ಧ ಆಗುವುದು ಹೇಗೆ? ಇಂಜಿನಿಯರಿಂಗ್ ಓದಿದವರಿಗೆ ಉತ್ತರ ಹೊಳೆದಿರಬಹುದು: ಎರಡು ಲೋಹದ ನಡುವೆ ತೆಳ್ಳಗಿನ ಪದರ ಅಂದರೆ ಅದೇ ಕೆಪ್ಯಾಸಿಟರ್. 145 ಮೆಗಾಹರ್ಟ್ಸ್‌ನಲ್ಲಿ ಅದು ಕೆಲವೇ ಓಮ್‌ಗಳ ಅಡ್ಡಿ, ಮುಟ್ಟಿದ್ದಕ್ಕೆ ಸಮ. ಅದೇ ಮ್ಯಾಗ್ನೆಟ್ಟನ್ನು 7 ಮೆಗಾಹರ್ಟ್ಸ್‌ಗೆ ಬಳಸಿದರೆ ಅಡ್ಡಿ 20 ಪಟ್ಟು ಹೆಚ್ಚು. ದೂರದೇಶಕ್ಕೆ ಮಾತಾಡುವ ಕಡಿಮೆ ತರಂಗಾಂತರಗಳಿಗೆ ಒಂದೇ ಮ್ಯಾಗ್ನೆಟ್ ಸಾಲದು ಅನ್ನುವುದು ಇದೇ ಕಾರಣಕ್ಕೆ.

ಏಪ್ರಿಲ್ ಕೊನೆಗೆ ಇಟ್ಟು ಅಳೆದೆವು. ಆಂಟೆನಾ ಸರಿ ಕೂತಿದೆಯಾ ಅಂತ ಹೇಳುವ ಅಳತೆ ಎಸ್‌ಡಬ್ಲ್ಯೂಆರ್. ಕಳಿಸಿದ ಶಕ್ತಿಯಲ್ಲಿ ಎಷ್ಟು ವಾಪಸ್ ಸೆಟ್ಟಿಗೇ ಬರ್ತದೆ ಅನ್ನುವ ಲೆಕ್ಕ. 1 ಬಂದರೆ ಏನೂ ವಾಪಸ್ ಇಲ್ಲ, 1.5 ಬಂದರೆ ನೂರಕ್ಕೆ 4 ಭಾಗ, 3 ಬಂದರೆ ಕಾಲು ಭಾಗವೇ ವಾಪಸ್, ಸೆಟ್ ಬಿಸಿಯಾಗಿ ಕೆಡುವ ಅಪಾಯ. ಟಾಪಿನ ನಡುವಿನ ಮ್ಯಾಗ್ನೆಟ್ಟಿಗೆ 1.2 ಬಂತು. ಕಾಗದದ ಮೇಲೆ ಕೆಲಸ ಮುಗಿದ ಹಾಗೆಯೇ.

ಗಾಡಿ ಕಾಗದದ ಮೇಲೆ ಓಡುವುದಿಲ್ಲವಲ್ಲ. ಮೂರು ವಾರ ಓಡಿಸಿದೆವು. ನಮ್ಮ ರಸ್ತೆಗಳಿಗೆ ಎಡಬದಿಯಿಂದ ಕೊಂಬೆಗಳು ಬಾಗಿರುತ್ತವೆ, ಒಂದು ಹಲಸಿನ ಕೊಂಬೆ ಆಂಟೆನಾವನ್ನು ಸೀದಾ ಹಿಂದಿನ ಬಾಳೆಗೊನೆಗಳ ನಡುವೆ ಎಸೆಯಿತು. ಟಾರ್ಪಲ್ ಕಟ್ಟುವವರು ಹಗ್ಗ ಎಳೆಯುವಾಗ ಎರಡು ಸಲ ಕಿತ್ತರು. ಇದೆಲ್ಲ ಸಹಿಸಬಹುದಿತ್ತು. ಆದರೆ ಮೇ ತಿಂಗಳ ಎರಡು ಸಂಜೆ ಮಳೆಯ ನಂತರ ಮ್ಯಾಗ್ನೆಟ್ ಎತ್ತಿ ನೋಡಿದರೆ ಕೆಳಗೆ ಕೆಂಪು ಮಣ್ಣಿನ ಕೆಸರು, ಅದರ ಸುತ್ತ ಬಣ್ಣದ ಮೇಲೆ ಬಳೆಯಂಥ ಗೀರು. ಗಾಡಿ ಅದುರಿದಾಗಲೆಲ್ಲ ಮ್ಯಾಗ್ನೆಟ್ಟಿನ ಕೆಳಗಿನ ಮರಳು ಎಮೆರಿ ಕಾಗದದ ಕೆಲಸ ಮಾಡಿತ್ತು. ಅಣ್ಣ ಬೆರಳಿನಿಂದ ಒರೆಸಿ ನೋಡಿದ. “ಇದ್ ಒಟ್ಟೆಯ ತಮ್ಮನೇ ಸೈ.”

ಕಾರಿನವರಿಗೆ, ವಾರಕ್ಕೊಮ್ಮೆ ತೆಗೆದು ಒರೆಸುವವರಿಗೆ, ಪ್ರವಾಸಕ್ಕೆ ಮಾತ್ರ ಹಾಕುವವರಿಗೆ ಮ್ಯಾಗ್ನೆಟ್ಟೇ ಸಾಕು, ನಾನು ಅದನ್ನೇ ಹೇಳುವುದು. ದಿನಾ ದುಡಿಯುವ ಗಾಡಿಗೆ ಅಲ್ಲ, ಅದೂ ಮಳೆಗಾಲದಲ್ಲಿ.

ಎರಡನೆಯ ದಾರಿ ಬಾನೆಟ್ಟಿನ ಅಂಚು. ಒಂದು ಮಡಚಿದ ಪಟ್ಟಿಯನ್ನು ಬಾನೆಟ್ಟಿನ ತುಟಿಗೆ ಕಚ್ಚಿಸಿ ಒಳಗಿನಿಂದ ಸಣ್ಣ ಸ್ಕ್ರೂ ಬಿಗಿಯುವುದು. ತೂತಿಲ್ಲ, ಆದರೆ ಆ ಸ್ಕ್ರೂಗಳ ತುದಿ ಬಣ್ಣ ಹರಿದು ಉಕ್ಕಿಗೆ ಕಚ್ಚಬೇಕು, ಇಲ್ಲದಿದ್ದರೆ ನೆಲದ ಸಂಪರ್ಕ ಸಿಗುವುದಿಲ್ಲ. ಜೊತೆಗೆ ಬಾನೆಟ್ಟು ಗಾಡಿಯ ಮೈಗೆ ಸೇರಿರುವುದು ಗ್ರೀಸ್ ಹಚ್ಚಿದ ಕೀಲಿನಿಂದ. ಅದನ್ನು ನಂಬದೆ ಹೆಣೆದ ತಾಮ್ರದ ಪಟ್ಟಿ ಬೇರೆ ಜೋಡಿಸಬೇಕು. ಮೂಲೆಯಲ್ಲಿ ಕೂತ ಆಂಟೆನಾ ಎಲ್ಲ ದಿಕ್ಕಿಗೂ ಸಮನಾಗಿ ಮಾತಾಡುವುದಿಲ್ಲ. ಬಲಗಡೆ ಮುಂದಿನ ಮೂಲೆಯಲ್ಲಿದ್ದರೆ ಲೋಹ ಹೆಚ್ಚಿರುವ ಎಡ ಹಿಂಬದಿಗೆ ಜೋರು, ಮುಂದಕ್ಕೆ ಕಡಿಮೆ. ಬೇರೆಯವರ ಒಂದು ಪಟ್ಟಿ ತಂದು ಸ್ಕ್ರೂ ಬಿಗಿಯದೆ ಹಿಡಿದು ಅಳೆದಾಗ 1.8 ಬಂತು. ಬಿಗಿದರೆ ಇಳಿಯುತ್ತದೆ ಅಂತ ಗೊತ್ತಿತ್ತು. ಬಿಗಿಯಲಿಲ್ಲ. ಉಪ್ಪು ಗಾಳಿಯಲ್ಲಿ ನಾಲ್ಕು ಗೀರು ಅಂದರೆ ನಾಲ್ಕು ತುಕ್ಕು.

ಗಾಜಿನ ಮೇಲೆ ಅಂಟಿಸುವ ಆಂಟೆನಾ, ಡಬಲ್ ಟೇಪಿನ ಆಂಟೆನಾ ಎಲ್ಲ ನೋಡಿದೆ. ಅವುಗಳ ಬಗ್ಗೆ ಹೇಳುವಂಥದ್ದೇನಿಲ್ಲ.

ಇದ್ದ ಬೋಲ್ಟು, ಹಳೆ ಸೈಕಲ್ ಟ್ಯೂಬು

ಪಿಕಪ್‌ನಲ್ಲಿ ಕಾರಿನಲ್ಲಿ ಇಲ್ಲದ ಒಂದು ವಸ್ತು ಉಂಟು. ಕ್ಯಾಬಿನ್ನಿನ ಹಿಂದೆ, ಲೋಡಿನ ತೊಟ್ಟಿಯ ಮುಂಭಾಗದಲ್ಲಿ ನಿಂತ ಪೈಪಿನ ಗಾರ್ಡು. ಹೊರೆ ಮುಂದೆ ಜಾರಿ ಕ್ಯಾಬಿನ್ನಿಗೆ ಬಡಿಯದ ಹಾಗೆ ತಡೆಯುವುದು, ಹಗ್ಗ ಕಟ್ಟುವುದು ಅದರ ಕೆಲಸ. ಎತ್ತರ ಟಾಪಿಗಿಂತ ಸ್ವಲ್ಪ ಮೇಲೆ. ಹೇಗೂ ಗೀರು ಬಿದ್ದದ್ದೇ, ಅಣ್ಣ ವರ್ಷಕ್ಕೊಮ್ಮೆ ತಾನೇ ಬಣ್ಣ ಬಳಿಯುತ್ತಾನೆ. ಅದರ ಮೇಲೆ ಏನು ಕಟ್ಟಿದರೂ ಅವನ ತಕರಾರಿಲ್ಲ.

ತಕರಾರು ಇದ್ದದ್ದು ಭೌತಶಾಸ್ತ್ರದ್ದು. ಗಾರ್ಡು ಅಂದರೆ ನಾಲ್ಕೈದು ಪೈಪು, ಟಾಪಿನ ಹಾಗೆ ಹರಡಿದ ತಗಡಲ್ಲ. ಲೋಡಿನ ತೊಟ್ಟಿ ಬೇರೆ, ಕ್ಯಾಬಿನ್ ಬೇರೆ. ಕ್ಯಾಬಿನ್ ಕೂತಿರುವುದು ರಬ್ಬರ್ ಬುಷ್‌ಗಳ ಮೇಲೆ, ಆದ್ದರಿಂದ ಎರಡರ ನಡುವೆ ಒಳ್ಳೆಯ ವಿದ್ಯುತ್ ಸಂಪರ್ಕ ಇದ್ದೇ ಇದೆ ಅಂತ ನಂಬುವ ಹಾಗಿಲ್ಲ. ಕಾಲು ಅಲೆಯ ಕಡ್ಡಿಯನ್ನು ಅಲ್ಲಿ ನಿಲ್ಲಿಸಿದರೆ ಅದಕ್ಕೆ ಬೇಕಾದ ಇನ್ನರ್ಧ ಸಿಗುವುದಿಲ್ಲ.

ಹಾಗಾಗಿ ಕಡ್ಡಿಯನ್ನೇ ಬದಲಾಯಿಸಿದೆವು. ಕಾಲು ಅಲೆಯ ಬದಲು ಅರ್ಧ ಅಲೆ, ಸುಮಾರು ಒಂದು ಮೀಟರ್. ಅರ್ಧ ಅಲೆಯ ಕಡ್ಡಿಗೆ ಬುಡದಲ್ಲಿ ಕರೆಂಟ್ ತೀರಾ ಕಡಿಮೆ, ಜೋರು ಇರುವುದು ನಡುವಿನಲ್ಲಿ. ಬುಡದಲ್ಲಿ ಕರೆಂಟೇ ಇಲ್ಲದಿದ್ದರೆ ಅದನ್ನು ಹೊರಲಿಕ್ಕೆ ದೊಡ್ಡ ತಗಡೂ ಬೇಡ. ತನ್ನ ಇನ್ನರ್ಧವನ್ನು ತಾನೇ ಹೊತ್ತು ತರುವ ಆಂಟೆನಾ ಅದು. ಬದಲಿಗೆ ಬುಡದಲ್ಲಿ ಹೊಂದಾಣಿಕೆಯ ಒಂದು ಸುರುಳಿ ಬೇಕು, ಅದು ಆಂಟೆನಾದ ಜೊತೆಗೇ ಬರುತ್ತದೆ. ಕೊಳ್ಳುವಾಗ ‘ಗ್ರೌಂಡ್ ಪ್ಲೇನ್ ಬೇಡದ್ದು’ ಅಂತ ಕೇಳಿ ತೆಗೆದುಕೊಳ್ಳಬೇಕು. ಎಷ್ಟೋ ಜನ ಇದನ್ನು ನೋಡದೆ ಚಂದದ ಉದ್ದ ಕಡ್ಡಿ ತಂದು ಕ್ಯಾರಿಯರಿಗೆ ಕಟ್ಟಿ, ಆಮೇಲೆ ಸೆಟ್ಟನ್ನು ಬೈಯುತ್ತಾರೆ.

ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಮೂರು ಮಿಲಿಮೀಟರ್ ದಪ್ಪದ ಸ್ಟೀಲ್ ಪಟ್ಟಿಯನ್ನು ಎಲ್ ಆಕಾರಕ್ಕೆ ಮಡಚಿಸಿದೆವು. ಡ್ರಿಲ್ ಓಡಿದ್ದು ಆ ಪಟ್ಟಿಯ ಮೇಲೆ ಮಾತ್ರ. ಎರಡು ಯು-ಬೋಲ್ಟ್ ಹಾಕಿ ಗಾರ್ಡಿನ ಪೈಪಿಗೆ ಬಿಗಿದೆವು, ನಟ್ಟು ಸಡಿಲ ಆಗದ ಹಾಗೆ ಒಳಗೆ ನೈಲಾನ್ ಇರುವಂಥದ್ದು. ಬಲಬದಿಯ ಪೈಪಿಗೆ ಹಾಕಿದ್ದಕ್ಕೂ ಕಾರಣ ಉಂಟು, ಕೊಂಬೆ ಬಡಿಯುವುದು ಎಡಕ್ಕೆ.

ಸ್ಟೇನ್‌ಲೆಸ್ ಸ್ಟೀಲನ್ನು ಸಾದಾ ಕಬ್ಬಿಣಕ್ಕೆ ನೇರ ಬಿಗಿದು ಉಪ್ಪುನೀರು ಬಿಟ್ಟರೆ ಕಬ್ಬಿಣ ಬೇಗ ತಿಂದುಹೋಗುತ್ತದೆ. ಎರಡು ಬೇರೆ ಲೋಹ, ನಡುವೆ ಉಪ್ಪು ನೀರು, ಸಣ್ಣದೊಂದು ಬ್ಯಾಟರಿಯೇ ಆಯ್ತಲ್ಲ. ಅದಕ್ಕೆ ಪೈಪಿನ ಸುತ್ತ ಹಳೆ ಸೈಕಲ್ ಟ್ಯೂಬ್ ಸುತ್ತಿ ಅದರ ಮೇಲೆ ಕ್ಲಾಂಪ್ ಹಾಕಿದೆವು. ಪಟ್ಟಿಯಿಂದ ಒಂದು ಹೆಣೆದ ತಾಮ್ರದ ಪಟ್ಟಿಯನ್ನು ಗಾರ್ಡು ತೊಟ್ಟಿಗೆ ಸೇರುವ ಬೋಲ್ಟಿಗೆ ಕಟ್ಟಿ, ಮೇಲೆ ಗ್ರೀಸ್ ಮೆತ್ತಿದೆವು. ಆ ಬೋಲ್ಟು ಮೊದಲೇ ಇದ್ದದ್ದು, ಹೊಸತು ಏನೂ ಅಲ್ಲ. ಆಂಟೆನಾದ ಬುಡಕ್ಕೆ ಒಂದು ತೆಳು ತಂತಿ ಕಟ್ಟಿ ಗಾರ್ಡಿಗೆ ಬಿಗಿದದ್ದು ಅಣ್ಣನ ಸ್ವಂತ ಆಲೋಚನೆ: ಎಂದಾದರೂ ಕ್ಲಾಂಪ್ ಕಿತ್ತರೂ ಹಿಂದೆ ಬರುವ ಬೈಕಿನವನ ಮುಖಕ್ಕೆ ಹಾರಬಾರದು. ನಾನು ನೋಡಿದ ಯಾವ ವಿಡಿಯೋದಲ್ಲೂ ಇದನ್ನು ಹೇಳಿರಲಿಲ್ಲ. ಅಳೆದಾಗ 1.3 ಬಂತು.

ಕೇಬಲ್ಲಿನ ಕೆಲಸ ಬೋರು, ಆದರೆ ಎಲ್ಲ ಕೆಡುವುದು ಅಲ್ಲೇ. ಸಾಮಾನ್ಯವಾಗಿ ಸಿಗುವ ಆರ್‌ಜಿ-58 ಕೇಬಲ್ ಐದು ಮೀಟರ್ ಹಾಕಿದರೆ ಈ ತರಂಗಾಂತರದಲ್ಲಿ ಐದನೇ ಒಂದು ಭಾಗ ಶಕ್ತಿ ದಾರಿಯಲ್ಲೇ ಖರ್ಚು. ಆದ್ದರಿಂದ ಬೇಕಾದಷ್ಟೇ ಉದ್ದ ಇಟ್ಟು ಮಿಕ್ಕಿದ್ದನ್ನು ಕತ್ತರಿಸಿದೆವು. ಆಂಟೆನಾ ಕೆಳಗಿನ ಕನೆಕ್ಟರಿಗೆ ತನ್ನಷ್ಟಕ್ಕೇ ಅಂಟಿಕೊಳ್ಳುವ ರಬ್ಬರ್ ಟೇಪ್ ಸುತ್ತಬೇಕು. ಸುತ್ತುವುದು ಕೆಳಗಿನಿಂದ ಮೇಲಕ್ಕೆ, ಹಂಚು ಹೊದೆಸಿದ ಹಾಗೆ, ಮೇಲಿನ ಸುತ್ತು ಕೆಳಗಿನದ್ದರ ಮೇಲೆ ಬರಬೇಕು. ತಿರುಗಾ ಸುತ್ತಿದರೆ ಪ್ರತಿ ಅಂಚೂ ನೀರು ಹಿಡಿಯುವ ಬಟ್ಟಲು.

ಒಳಗೆ ಹೋಗುವ ದಾರಿ ಬಾಗಿಲಿನ ರಬ್ಬರ್ ಅಂಚು, ಅದೂ ಕೆಳಗಿನ ಮೂಲೆಯಲ್ಲಿ. ಒಳಗೆ ಹೋಗುವ ಮೊದಲು ಕೇಬಲ್ಲನ್ನು ಒಂದು ಗೇಣು ಕೆಳಗೆ ಜೋತು ಬಿಟ್ಟು ಮೇಲೆ ತರಬೇಕು. ಕೇಬಲ್ ಗುಂಟ ಇಳಿದ ಮಳೆನೀರು ಆ ಕೆಳತುದಿಯಿಂದ ತೊಟ್ಟಿಕ್ಕುತ್ತದೆ, ಸೀಟಿನ ಕೆಳಗೆ ಅಲ್ಲ. ಮನೆಗೆ ಕರೆಂಟ್ ವೈರು ಬರುವಲ್ಲಿ ಲೈನ್‌ಮನ್ ಮಾಡುವುದೂ ಇದನ್ನೇ. ಬಾಗಿಲು ಹಾಕಿದಾಗ ಕೇಬಲ್ ಚಪ್ಪಟೆ ಆಗಬಾರದು. ಒಂದು ಕಾಗದದ ಚೂರು ಅಂಚಿನಲ್ಲಿಟ್ಟು ಬಾಗಿಲು ಹಾಕಿ ಎಳೆದು ನೋಡಿ, ಸಡಿಲವಾಗಿ ಬರುವ ಜಾಗ ಎಲ್ಲಿ ಅಂತ ಗೊತ್ತಾಗುತ್ತದೆ.

ಕರೆಂಟ್ ಬ್ಯಾಟರಿಯಿಂದ ನೇರ. 25 ವಾಟಿನ ಸೆಟ್ ಮಾತಾಡುವಾಗ ಐದಾರು ಆಂಪಿಯರ್ ಎಳೆಯುತ್ತದೆ, ಸಿಗರೇಟ್ ಲೈಟರಿನ ಸಾಕೆಟ್ಟು ಆ ಕೆಲಸಕ್ಕೆ ಮಾಡಿದ್ದಲ್ಲ. ಫ್ಯೂಸ್ ಇರಬೇಕಾದ್ದು ಸೆಟ್ಟಿನ ಹತ್ತಿರ ಅಲ್ಲ, ಬ್ಯಾಟರಿಯ ಹತ್ತಿರ, ಯಾಕೆಂದರೆ ನಡುವಿನ ವೈರು ಉಜ್ಜಿ ಶಾರ್ಟ್ ಆದರೆ ಬೆಂಕಿ ಹಿಡಿಯುವುದು ಆ ವೈರಿಗೆ. ಇಂಜಿನ್ ಕೋಣೆಯಿಂದ ಕ್ಯಾಬಿನ್ನಿಗೆ ಹಳೆ ವೈರುಗಳು ಹೋಗುವ ರಬ್ಬರ್ ಬಿಲ್ಲೆ ಮೊದಲೇ ಇರುತ್ತದೆ, ಅದರ ನಡುವಿನಿಂದಲೇ ನಮ್ಮದೂ ಹೋಯಿತು. ಇಡೀ ಗಾಡಿಯಲ್ಲಿ ಹೊಸ ತೂತು ಸೊನ್ನೆ. ಪಟ್ಟಿ, ಕ್ಲಾಂಪು, ಟೇಪು, ಫ್ಯೂಸು, ವೈರು ಎಲ್ಲ ಸೇರಿ ಸಾವಿರದ ಇನ್ನೂರು ರೂಪಾಯಿ ಆಯ್ತು. ಆಂಟೆನಾ ಮತ್ತು ಸೆಟ್ಟಿನ ಖರ್ಚು ಬೇರೆ, ಅದನ್ನು ಅತ್ತಿಗೆಗೆ ಪೂರ್ತಿ ಹೇಳಿಲ್ಲ.

ಘಾಟಿಯಲ್ಲಿ

ಮನೆಯ ಆಂಟೆನಾ ನೀರಿನ ಟ್ಯಾಂಕಿನ ಪಕ್ಕ ಎತ್ತರದ ಪೈಪಿನ ಮೇಲೆ ಉಂಟು. ಸೀತಾ ನದಿ ಬದಿಯ ತಗ್ಗು ಊರು ನಮ್ಮದು, ಪೂರ್ವಕ್ಕೆ ಘಟ್ಟದ ಗೋಡೆ. ಈ ತರಂಗಗಳು ಬಹುಮಟ್ಟಿಗೆ ಕಣ್ಣಿನ ಹಾಗೆ ನೇರ ಹೋಗುವಂಥವು, ಗುಡ್ಡ ಅಡ್ಡ ಬಂದರೆ ನಿಲ್ಲುತ್ತವೆ.

ಮೊದಲು ಕೈಯಲ್ಲಿ ಹಿಡಿಯುವ 5 ವಾಟಿನ ಸೆಟ್ಟನ್ನು ಕ್ಯಾಬಿನ್ ಒಳಗಿಟ್ಟು ಅಣ್ಣ ಹೊರಟಿದ್ದ. ಹೆಬ್ರಿ ಪೇಟೆ ಮುಟ್ಟುವ ಮೊದಲೇ ಅವನ ದನಿ ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗಾಗಿ ಹೋಯಿತು. ಉಕ್ಕಿನ ಪೆಟ್ಟಿಗೆಯೊಳಗೆ ಕೂತು ಕೂಗಿದರೆ ಅಷ್ಟೇ. ಗಾರ್ಡಿನ ಆಂಟೆನಾ ಹಾಕಿದ ಮೇಲೆ ಹೆಬ್ರಿಯಿಂದ ಎದುರಿನ ಕೋಣೆಯಲ್ಲಿ ಕೂತ ಹಾಗೆ ಕೇಳಿತು. ಸೋಮೇಶ್ವರದಲ್ಲಿ ಸ್ವಲ್ಪ ಸದ್ದು. ಘಾಟಿಯ ಕೆಳಗಿನ ತಿರುವುಗಳಲ್ಲಿ, ಒದ್ದೆ ಕಾಡಿನ ಒಳಗೆ, ಬಂದು ಬಂದು ಹೋಗುತ್ತಿತ್ತು. ಒಂದು ತಿರುವಿನಲ್ಲಿ ಉಂಟು, ಮುಂದಿನದ್ದರಲ್ಲಿ ಇಲ್ಲ. ಆಮೇಲೆ ಮೇಲಿನ ತಿರುವುಗಳಿಗೆ ಹೋದಾಗ ದನಿ ಮತ್ತೆ ಸ್ವಚ್ಛ. ಸೂರ್ಯಾಸ್ತ ನೋಡಲಿಕ್ಕೆ ಜನ ನಿಲ್ಲುತ್ತಾರಲ್ಲ, ಆ ಜಾಗದ ಹತ್ತಿರ. ಆಕಾಶ ತಿಳಿಯಾಗಿದ್ದರೆ ಅಲ್ಲಿಂದ ಅರಬ್ಬಿ ಸಮುದ್ರ ಕಾಣುತ್ತದೆ. ಸಮುದ್ರ ಕಾಣುವ ಜಾಗಕ್ಕೆ ನಡುವಿನ ಬಯಲಿನ ಕೊಕ್ಕರ್ಣೆ ಕಾಣದೆ ಇರುತ್ತದೆಯೇ. ಆಗುಂಬೆ ಪೇಟೆ ದಾಟಿ ಘಟ್ಟದ ಬೆನ್ನ ಹಿಂದೆ ಹೋದ ಮೇಲೆ ಪೂರ್ತಿ ಮೌನ. ಅಲ್ಲಿಗೆ ಈ ಆಂಟೆನಾ ಅಲ್ಲ, ಇದರ ಹತ್ತು ಪಟ್ಟು ಶಕ್ತಿ ಹಾಕಿದರೂ ಪ್ರಯೋಜನ ಇಲ್ಲ, ಗುಡ್ಡದ ಮೇಲೆ ರಿಪೀಟರ್ ಬೇಕು.

ಅದಕ್ಕೆ ಒಂದು ಕ್ರಮ ಮಾಡಿಕೊಂಡಿದ್ದೇವೆ. ಘಾಟಿ ಇಳಿಯುವ ಮೊದಲು ಮೇಲಿನ ತಿರುವಿನಲ್ಲಿ ಬದಿಗೆ ನಿಲ್ಲಿಸಿ ಒಂದು ಕರೆ, ಸೋಮೇಶ್ವರ ಮುಟ್ಟಿದ ಮೇಲೆ ಇನ್ನೊಂದು. ಓಡಿಸುತ್ತಾ ಮೈಕ್ ಹಿಡಿಯುವುದಿಲ್ಲ. ಎರಡರ ನಡುವೆ ಮುಕ್ಕಾಲು ಗಂಟೆಗಿಂತ ಹೆಚ್ಚಾದರೆ ಸೋಮೇಶ್ವರದಲ್ಲಿ ಪರಿಚಯದವರಿಗೆ ಫೋನ್.

ಜುಲೈಯ ಒಂದು ರಾತ್ರಿ ಹತ್ತೂವರೆಗೆ ಮೇಲಿನಿಂದ ಕರೆ ಬಂತು. ಕರೆಸಂಕೇತ ಹೇಳಿ ಅಣ್ಣ ಅಂದ: “ಮಳಿ ಜೋರಿತ್ತ್. ಕೆಳಗೆ ಮರ ಬಿದ್ದಿತ್ತ್ ಅಂಬ್ರ್. ನಾನ್ ಇಳಿತಿಲ್ಲೆ, ಆಗುಂಬೆಯಂಗೇ ಮಲ್ಕಂತೆ.” ಅತ್ತಿಗೆ ನನ್ನ ಹಿಂದೆ ನಿಂತು ಕೇಳಿಸಿಕೊಂಡರು. ಏನೂ ಹೇಳದೆ ಹೋಗಿ ಗ್ಯಾಸಿನ ಮೇಲಿದ್ದ ಸಾರು ಇಳಿಸಿ, ದೀಪ ಆರಿಸಿ ಮಲಗಿದರು. ಮರ ತೆರವಾದದ್ದು ಬೆಳಗಿನ ಜಾವ.

ಇದನ್ನು ಓದಿ ನಿಮಗೆ ಬೇಕಾದ್ದು ಬರೀ ಹಾಡು ಕೇಳುವ ಎಫ್‌ಎಂ ಆಂಟೆನಾ ಆದರೆ ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ಕೇಳುವ ಆಂಟೆನಾ ಶಕ್ತಿ ಕಳಿಸುವುದಿಲ್ಲ, ಅಳತೆ ತಪ್ಪಿದರೂ ಸೆಟ್ ಸುಡುವುದಿಲ್ಲ. ರೇಡಿಯೋ ಮಣಿಪಾಲದ 90.4 ಮೆಗಾಹರ್ಟ್ಸ್‌ಗೆ ಕಾಲು ಅಲೆ ಅಂದರೆ 80 ಸೆಂಟಿಮೀಟರ್ ಚಿಲ್ಲರೆ, ಅದರ ಅರ್ಧ ಇದ್ದರೂ ಹತ್ತಿರದಲ್ಲಿ ಕೇಳುತ್ತದೆ. ಮುರಿದ ಹಳೆ ಆಂಟೆನಾದ ತೂತು ಇದ್ದರೆ ಅದಕ್ಕೇ ಹೊಸತು ಕೂರಿಸಿ, ಇಲ್ಲದಿದ್ದರೆ ಗಾಜಿನ ಒಳಗೆ ಅಂಟಿಸುವುದು ಸಾಕು.

ಈಗ ಉಳಿದಿರುವ ತೊಂದರೆ ಆಂಟೆನಾದ್ದಲ್ಲ. ಅಕ್ಟೋಬರಿಗೆ ನಾನು ಬೆಂಗಳೂರಿಗೆ ವಾಪಸ್. ಲೈಸೆನ್ಸ್ ಇಲ್ಲದವರು ಮನೆಯ ಸೆಟ್ಟಿನಲ್ಲಿ ಉತ್ತರ ಕೊಡುವಂತಿಲ್ಲ, ಕೇಳಿಸಿಕೊಂಡು ಸುಮ್ಮನಿರಬೇಕು. ಅತ್ತಿಗೆ ಅರ್ಜಿ ತುಂಬಿದ್ದಾರೆ. ಸಂಜೆ ದೋಸೆ ಹಿಟ್ಟು ರುಬ್ಬಲು ಹಾಕಿ, ಅಣ್ಣನ ಹಳೆ ನೋಟ್‌ಬುಕ್ ತೆರೆದು ಕೂರುತ್ತಾರೆ. ಮೊನ್ನೆ ಕೆಪ್ಯಾಸಿಟರ್ ಪಾಠದಲ್ಲಿ ಸಿಕ್ಕಿ ಹಾಕಿಕೊಂಡಿದ್ದರು. ಕಪಾಟಿನಲ್ಲಿ ಬಿದ್ದಿದ್ದ ಮ್ಯಾಗ್ನೆಟ್ ಬೇಸ್ ತಂದು ಫ್ರಿಜ್ಜಿಗೆ ಅಂಟಿಸಿ ತೋರಿಸಿದೆ. ಅದು ಈಗಲೂ ಅಲ್ಲೇ ಉಂಟು, ಕರೆಂಟ್ ಬಿಲ್ಲು ಸಿಕ್ಕಿಸಲಿಕ್ಕೆ ಆಗ್ತದೆ ಅಂತ ತೆಗೆಯಲು ಬಿಡುತ್ತಿಲ್ಲ.